ಕಾಂಕ್ರೀಟ್‌ನೊಳಗೆ ಸೆನ್ಸರ್ ಇಟ್ಟರೆ ಮೂರೇ ದಿನಕ್ಕೆ ಸೆಂಟ್ರಿಂಗ್ ಬಿಚ್ಚಬಹುದಾ?

ಬೆಂಗಳೂರಲ್ಲಿ ಅಪಾರ್ಟ್‌ಮೆಂಟ್ ಕೆಲಸ, ಎಂ30 ದರ್ಜೆಯ ಕಾಂಕ್ರೀಟ್, ಕಾಂಟ್ರಾಕ್ಟರ್ ಬಂದು ಸ್ಲ್ಯಾಬ್‌ನೊಳಗೆ ಬ್ಲೂಟೂತ್ ಸೆನ್ಸರ್ ಇಡ್ತೀನಿ, ಸ್ಟ್ರೆಂತ್ ಮೊಬೈಲ್‌ನಲ್ಲೇ ಕಾಣುತ್ತೆ, ಕ್ಯೂಬ್ ಟೆಸ್ಟ್ (ಅದೇ ಕಾಂಕ್ರೀಟ್‌ನ ಘನಾಕಾರದ ತುಂಡು ಒಡೆದು ಬಲ ನೋಡೋದು) ಬೇಡ, ಮೂರನೇ ದಿನಕ್ಕೇ ಸೆಂಟ್ರಿಂಗ್ (ಸ್ಲ್ಯಾಬ್ ಹೊತ್ತು ನಿಲ್ಲುವ ಶೀಟ್, ಪ್ರಾಪ್ ಅನ್ನೋ ಆಸರೆ ಕಂಬ) ಬಿಚ್ಚೋಣ ಅಂತಿದ್ದಾರೆ, ನಂಬಬಹುದಾ ಅಂತ ಕೇಳಿದ್ದೀರಿ. ಸೆನ್ಸರ್ ನಂಬಬಹುದು. ಕ್ಯೂಬ್ ಬೇಡ ಅನ್ನೋದನ್ನ ಮಾತ್ರ ಒಪ್ಪಬೇಡಿ. ಕಾಂಕ್ರೀಟ್ ಕ್ವಾಲಿಟಿ ನೋಡಿಕೊಳ್ಳೋದೇ ನನ್ನ ಕೆಲಸ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಆ ಸೆನ್ಸರ್ ಸ್ಟ್ರೆಂತ್ ಅಳೆಯುವುದೇ ಇಲ್ಲ. ಅದು ಅಳೆಯುವುದು ಬರೀ ಟೆಂಪರೇಚರ್. ಕಾಂಕ್ರೀಟ್ ಬೆಚ್ಚಗಿದ್ದರೆ ಬೇಗ ಗಟ್ಟಿಯಾಗುತ್ತದೆ, ತಣ್ಣಗಿದ್ದರೆ ನಿಧಾನ. ಎಷ್ಟು ಡಿಗ್ರಿಯಲ್ಲಿ ಎಷ್ಟು ಗಂಟೆ ಇತ್ತು ಅಂತ ಗುಣಿಸಿ ಕೂಡಿಸುತ್ತಾ ಹೋದರೆ ಒಂದು ಸಂಖ್ಯೆ ಸಿಗುತ್ತದೆ, ಅದಕ್ಕೆ ಮೆಚ್ಯೂರಿಟಿ ಅಂತಾರೆ. ಲೆಕ್ಕ ಸುಲಭವಾಗಲಿ ಅಂತ ಸೊನ್ನೆ ಡಿಗ್ರಿಯಿಂದ ಎಣಿಸೋಣ. ಸ್ಲ್ಯಾಬ್ ಸರಾಸರಿ 30 ಡಿಗ್ರಿ ಇದ್ದರೆ ಮೂರು ದಿನಕ್ಕೆ, ಅಂದರೆ 72 ಗಂಟೆಗೆ, 2160 ಆಗುತ್ತದೆ. ಅದೇ ಸ್ಲ್ಯಾಬ್ ಡಿಸೆಂಬರ್ ಚಳಿಯಲ್ಲಿ ಸರಾಸರಿ 20 ಡಿಗ್ರಿ ಇದ್ದರೆ 2160 ತಲುಪೋಕೆ 108 ಗಂಟೆ ಬೇಕು, ನಾಲ್ಕೂವರೆ ದಿನ. ಏಪ್ರಿಲ್‌ನಲ್ಲಿ ಮೂರು ದಿನಕ್ಕೆ ಸರಿಹೋಗಿದ್ದು ಡಿಸೆಂಬರ್‌ನಲ್ಲಿ ಯಾಕೆ ಹೋಗಲ್ಲ ಅನ್ನೋದು ಇದರಲ್ಲೇ ಇದೆ. ಕ್ಯೂಬ್ ಇದನ್ನ ಹೇಳಲ್ಲ, ಯಾಕಂದರೆ ಲ್ಯಾಬ್ ಕ್ಯೂಬ್ 27 ಡಿಗ್ರಿ ನೀರಿನ ತೊಟ್ಟಿಯಲ್ಲಿ ಆರಾಮಾಗಿ ಕೂತಿರುತ್ತದೆ, ಸ್ಲ್ಯಾಬ್ ಮಾತ್ರ ಹತ್ತನೇ ಮಹಡಿಯ ಗಾಳಿಯಲ್ಲಿ.

ಆದರೆ 2160 ಅಂದರೆ ಎಷ್ಟು ಎಂಪಿಎ (ಕಾಂಕ್ರೀಟ್ ಬಲದ ಅಳತೆ)? ಅದು ಸೆನ್ಸರ್‌ಗೆ ಗೊತ್ತಿಲ್ಲ. ನೀವು ಮೊದಲೇ ಹೇಳಿಕೊಟ್ಟಿರಬೇಕು. ನಿಮ್ಮದೇ ಮಿಕ್ಸ್‌ನಲ್ಲಿ ಕ್ಯೂಬ್ ಹಾಕಿ, ಎರಡು ಕ್ಯೂಬ್‌ನೊಳಗೂ ಸೆನ್ಸರ್ ಇಟ್ಟು, 1, 3, 7, 14, 28ನೇ ದಿನ ಕೆಲವನ್ನು ಒಡೆದು, ಆಗಿನ ಮೆಚ್ಯೂರಿಟಿ ಎದುರು ಸ್ಟ್ರೆಂತ್ ಬರೆದು ಒಂದು ಕರ್ವ್ ಎಳೆಯಬೇಕು. ಮೊಬೈಲ್‌ನಲ್ಲಿ ಕಾಣೋದು ಆ ಕರ್ವ್‌ನಿಂದ ಓದಿದ ಅಂಕಿ. ಕರ್ವ್ ಬೇರೆ ಮಿಕ್ಸ್‌ದಾಗಿದ್ದರೆ ಅಂಕಿ ಸುಳ್ಳು. ಓಪಿಸಿ (ಸಾದಾ ಸಿಮೆಂಟ್) ಹೋಗಿ ಪಿಪಿಸಿ (ಪೊಝೊಲಾನಾ ಬೆರೆಸಿದ ಸಿಮೆಂಟ್) ಬಂತಾ, ಫ್ಲೈ ಆಶ್ (ಹಾರುಬೂದಿ) ಜಾಸ್ತಿ ಮಾಡಿದರಾ, ಅಡ್‌ಮಿಕ್ಸ್ಚರ್ (ಬೆರೆಸುವ ರಾಸಾಯನಿಕ) ಬದಲಾಯಿತಾ, ಕರ್ವ್ ಹೊಸದಾಗಿ ಮಾಡಬೇಕು. ಕಾಂಟ್ರಾಕ್ಟರ್ ಹತ್ತಿರ ಮೊದಲು ಕೇಳಬೇಕಾದ ಕಾಗದ ಇದೇ.

ಇನ್ನೊಂದು ವಿಷಯ ನನಗೆ ನಿಜಕ್ಕೂ ಭಯ ಹುಟ್ಟಿಸೋದು. ಪಂಪ್ ಹೋಗ್ತಿಲ್ಲ ಅಂತ ಕಾಂಕ್ರೀಟ್ ತರುವ ಟ್ರಾನ್ಸಿಟ್ ಮಿಕ್ಸರ್ ಲಾರಿಗೆ ಯಾರೋ ಪೈಪ್ ಹಿಡಿದು ನೀರು ಬಿಟ್ಟರು ಅಂತಿಟ್ಟುಕೊಳ್ಳಿ. ಸ್ಟ್ರೆಂತ್ ಬಿತ್ತು. ಟೆಂಪರೇಚರ್ ಹೆಚ್ಚುಕಮ್ಮಿ ಹಾಗೇ ಇರುತ್ತದೆ, ಮೊಬೈಲ್ ಅದೇ ಒಳ್ಳೆ ಅಂಕಿ ತೋರಿಸುತ್ತದೆ. ಕ್ಯೂರಿಂಗ್ ಮಾಡದೆ ಮೇಲೆ ಒಣಗಿಸಿದರೂ ಅಷ್ಟೇ. ಅದಕ್ಕೇ ಈ ಮೆಚ್ಯೂರಿಟಿ ಪದ್ಧತಿಯ ಅಮೆರಿಕನ್ ಸ್ಟ್ಯಾಂಡರ್ಡ್ ಎಎಸ್‌ಟಿಎಂ ಸಿ1074 ಕೂಡ ಸೆಂಟ್ರಿಂಗ್ ಬಿಚ್ಚುವಂಥ ಮುಖ್ಯ ಕೆಲಸಕ್ಕೆ ಮೊದಲು ಇನ್ನೊಂದು ಪರೀಕ್ಷೆಯ ಆಸರೆ ಬೇಕು ಅನ್ನುತ್ತದೆ. ಸ್ಲ್ಯಾಬ್ ಪಕ್ಕದಲ್ಲೇ, ಅದೇ ಬಿಸಿಲಲ್ಲಿ ಅದೇ ಗೋಣಿಚೀಲದ ಕೆಳಗೆ ಇಟ್ಟ ಕ್ಯೂಬ್ ಒಡೆದು ನೋಡಿದರೂ ಆಯಿತು. 28 ದಿನದ ಕ್ಯೂಬ್ ಅಂತೂ ಐಎಸ್ 456 (ನಮ್ಮ ದೇಶದ ಕಾಂಕ್ರೀಟ್ ಕೋಡ್) ಪ್ರಕಾರ ಹಾಕಲೇಬೇಕು, ಅದು ಕಾಂಕ್ರೀಟನ್ನು ಒಪ್ಪಿಕೊಳ್ಳೋದಾ ಬೇಡವಾ ಅಂತ ತೀರ್ಮಾನ ಮಾಡೋಕೆ.

ಅಷ್ಟು ಹೆದರಬೇಕಾ ಅನ್ನಿಸಿದರೆ ಅಮೆರಿಕದ ವಿಲೋ ಐಲ್ಯಾಂಡ್ ವಿಷಯ ಓದಿ. ವೆಸ್ಟ್ ವರ್ಜೀನಿಯಾದಲ್ಲಿ 1978ರ ಏಪ್ರಿಲ್ 27ರಂದು ಕಟ್ಟುತ್ತಿದ್ದ ಕೂಲಿಂಗ್ ಟವರ್‌ನಿಂದ ಸ್ಕ್ಯಾಫೋಲ್ಡಿಂಗ್ ಕಿತ್ತು ಬಿದ್ದು 51 ಜನ ಸತ್ತರು. ಸ್ಕ್ಯಾಫೋಲ್ಡಿಂಗ್ ಹಿಡಿದುಕೊಂಡಿದ್ದು ಹಿಂದಿನ ದಿನ ಹಾಕಿದ ಕಾಂಕ್ರೀಟನ್ನು. ಚಳಿಗೆ ಅದು ಇನ್ನೂ ಸಾಕಷ್ಟು ಬಲ ತಗೊಂಡಿರಲಿಲ್ಲ. ಇಂಥ ದುರಂತಗಳ ತನಿಖೆ ನಡೆದ ಮೇಲೇ ಅಲ್ಲಿ ಮೆಚ್ಯೂರಿಟಿ ಬಗ್ಗೆ ಗಟ್ಟಿಯಾಗಿ ಕೆಲಸ ಆಗಿ, 1987ರಲ್ಲಿ ಆ ಸ್ಟ್ಯಾಂಡರ್ಡ್ ಬಂತು.

ಇನ್ನು ಮೂರು ದಿನದ ಮಾತು. ಐಎಸ್ 456ರಲ್ಲಿ ಮೂರು ದಿನ ಇರೋದು ನಿಜ, ಆದರೆ ಅದು ಸ್ಲ್ಯಾಬ್ ಕೆಳಗಿನ ಶೀಟ್ ತೆಗೆದು ತಕ್ಷಣ ಪ್ರಾಪ್ ವಾಪಸ್ ಕೊಡೋದಕ್ಕೆ. ಪ್ರಾಪ್ ತೆಗೆಯೋಕೆ 4.5 ಮೀಟರ್‌ವರೆಗಿನ ಸ್ಲ್ಯಾಬ್‌ಗೆ 7 ದಿನ, ಅದಕ್ಕಿಂತ ದೊಡ್ಡದಕ್ಕೆ 14. ಅದೂ ಓಪಿಸಿಗೆ ಹೇಳಿದ್ದು. ನಿಮ್ಮ ಕಾಂಟ್ರಾಕ್ಟರ್ ಯಾವುದನ್ನ ಬಿಚ್ಚೋಣ ಅಂತಿದ್ದಾರೆ, ಸರಿಯಾಗಿ ಕೇಳಿ. ಎಷ್ಟು ಎಂಪಿಎ ಬಂದ ಮೇಲೆ ಯಾವುದನ್ನ ಬಿಚ್ಚಬೇಕು ಅನ್ನೋದನ್ನ ಸ್ಟ್ರಕ್ಚರಲ್ ಇಂಜಿನಿಯರ್ ಬರೆದುಕೊಡಬೇಕು, ಆ್ಯಪ್ ಅಲ್ಲ.

ಸೆನ್ಸರ್ ಎಲ್ಲಿ ಇಡಬೇಕು ಅಂತಲೂ ಕೇಳಿದ್ದೀರಿ. ಸುಮ್ನೆ ಮಧ್ಯದಲ್ಲೊಂದು ಕಟ್ಟಿ ಬಿಡಬೇಡಿ. ಕೊನೆಗೆ ಕಾಂಕ್ರೀಟ್ ಬೀಳುವ ಕಡೆ, ಗಾಳಿಗೆ ತೆರೆದ ಅಂಚಿನಲ್ಲಿ, ತೆಳುವಾದ ಜಾಗದಲ್ಲಿ ಇಡಿ, ಬಲ ಬರೋದರಲ್ಲಿ ಎಲ್ಲಕ್ಕಿಂತ ಹಿಂದೆ ಉಳಿಯೋದು ಅಲ್ಲೇ. ಕಂಬಿಗೆ ಬೈಂಡಿಂಗ್ ವೈರ್‌ನಲ್ಲಿ ಬಿಗಿಯಾಗಿ ಕಟ್ಟಿಸಿ, ಶಟರಿಂಗ್ ಶೀಟ್‌ಗೆ ತಾಗದಂತೆ ನೋಡಿಕೊಳ್ಳಿ, ಜಾಗವನ್ನು ಡ್ರಾಯಿಂಗ್‌ನಲ್ಲಿ ಗುರುತು ಮಾಡಿ, ವೈಬ್ರೇಟರ್ ಹಿಡಿಯುವವರಿಗೂ ತೋರಿಸಿ, ಇಲ್ಲದಿದ್ದರೆ ನೀಡಲ್ ತಾಗಿ ವೈರ್ ಕಿತ್ತು ಹೋಗುತ್ತದೆ. ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತ ಮುಖ್ಯವಾದ ಕಡೆ ಎರಡು ಇಡಿ.