ಉದ್ದನೆಯ ಇಂಗ್ಲಿಷ್ ಪದವನ್ನು ಬಾಲದಿಂದ ಹಿಡಿಯಿರಿ

ಕನ್ನಡ ಮೀಡಿಯಂನಲ್ಲಿ ಓದಿ ಡಿ.ಫಾರ್ಮ (ಫಾರ್ಮಸಿ ಡಿಪ್ಲೊಮಾ) ಸೇರಿದ್ದೇನೆ, ಉದ್ದುದ್ದ ಇಂಗ್ಲಿಷ್ ಪದ ಬಂದರೆ ನಾಲಿಗೆ ತೊಡರುತ್ತದೆ ಅಂತ ಕೇಳಿದ್ದೀರಿ. ನಾನೂ ಅದೇ ದಾರಿಯಲ್ಲಿ ಬಂದವನು. ಮೊದಲ ವೈವಾದಲ್ಲಿ (ಮೌಖಿಕ ಪರೀಕ್ಷೆ) ‘ಹೈಡ್ರೋಕ್ಲೋ...’ ಅಂತ ಶುರು ಮಾಡಿ ಅಲ್ಲೇ ನಿಂತುಬಿಟ್ಟಿದ್ದೆ. ಈಗ ಮೆಡಿಕಲ್ ಶಾಪ್‌ನಲ್ಲಿ ಆ ಹೆಸರನ್ನು ದಿನಾ ಹೇಳುತ್ತೇನೆ.

ಪದದ ತಲೆ ಬಿಡಿ, ಮೊದಲು ಬಾಲ ನೋಡಿ. ಅಟೆನೊಲಾಲ್, ಮೆಟೊಪ್ರೊಲಾಲ್ ಥರ ‘ಒಲಾಲ್’ ಅಂತ ಮುಗಿದರೆ ಬೀಟಾ ಬ್ಲಾಕರ್, ಅಂದರೆ ಹೃದಯದ ಬಡಿತ ನಿಧಾನ ಮಾಡುವ ಔಷಧ. ‘ಸಾರ್ಟಾನ್’ ಇದ್ದರೆ ಬಿಪಿ ಮಾತ್ರೆ. ‘ಪ್ರಜೋಲ್’ ಇದ್ದರೆ ಹೊಟ್ಟೆಯ ಆಸಿಡ್ ತಗ್ಗಿಸುವಂಥದ್ದು. ಅರಿಪಿಪ್ರಜೋಲ್ ಮಾತ್ರ ಮೋಸ ಮಾಡುತ್ತದೆ, ಅದು ಮಾನಸಿಕ ಕಾಯಿಲೆಯ ಔಷಧ!

ಇನ್ನು ಒತ್ತು. ನಾವು ಕನ್ನಡದಲ್ಲಿ ಎಲ್ಲ ಅಕ್ಷರವನ್ನೂ ಬಿಡಿಸಿ ಹೇಳುತ್ತೇವೆ ಅಲ್ವಾ? ಇಂಗ್ಲಿಷಿನವರು ಒಂದು ತುಂಡನ್ನು ಒತ್ತಿ, ಉಳಿದದ್ದನ್ನು ಅರ್ಧ ನುಂಗುತ್ತಾರೆ. ‘ಫೋಟೋಗ್ರಾಫ್’ನಲ್ಲಿ ಒತ್ತು ‘ಫೋ’ ಮೇಲೆ. ‘ಫಟಾಗ್ರಫಿ’ ಆದಾಗ ಒತ್ತು ‘ಟಾ’ಗೆ ಜಾರುತ್ತದೆ, ‘ಫೋ’ ಸವೆದು ‘ಫ’ ಆಗುತ್ತದೆ. ‘ಫೋಟೋಗ್ರ್ಯಾಫಿಕ್’ನಲ್ಲಿ ‘ಗ್ರ್ಯಾ’ ಮೇಲೆ. ಇದನ್ನೂ ಬಾಲವೇ ನಿರ್ಧರಿಸುವುದು. ‘ಇಕ್’, ‘ಷನ್’, ‘ಇಟಿ’ ಬಂದರೆ ಸಾಮಾನ್ಯವಾಗಿ ಅದರ ಹಿಂದಿನ ತುಂಡಿಗೆ ಒತ್ತು. ಹೈಪರ್‌ಟೆನ್ಷನ್‌ನಲ್ಲಿ ‘ಟೆನ್’. ಫಾರ್ಮಕಾಲಜಿಯಂಥ ಪದದಲ್ಲಿ ‘ಲಜಿ’ಯ ಹಿಂದಿನ ‘ಕಾ’. ಆರ್ತ್ರೈಟಿಸ್‌ನಲ್ಲಿ ‘ತ್ರೈ’.

ಒಂದು ಗೊಂದಲ ನನ್ನನ್ನು ಬಹಳ ದಿನ ಕಾಡಿತ್ತು. ಅರ್ಥದ ತುಂಡು ಬೇರೆ, ಬಾಯಿಯ ತುಂಡು ಬೇರೆ. ಹೆಲಿಕಾಪ್ಟರನ್ನು ನಾವು ಹೆ-ಲಿ-ಕಾಪ್-ಟರ್ ಅನ್ನುತ್ತೇವೆ. ಆದರೆ ಗ್ರೀಕ್ ಮೂಲದಲ್ಲಿ ಅದು ‘ಹೆಲಿಕೊ’ ಮತ್ತು ‘ಪ್ಟೆರ್’, ಅಂದರೆ ಸುರುಳಿ ಮತ್ತು ರೆಕ್ಕೆ. ನಮ್ಮ ‘ದೇವಾಲಯ’ವೂ ಹಾಗೇ ತಾನೇ? ಸಂಧಿ ಬಿಡಿಸಿದರೆ ದೇವ, ಆಲಯ. ಬಾಯಲ್ಲಿ ದೇ-ವಾ-ಲ-ಯ. ಹಾಗಾಗಿ ಅರ್ಥಕ್ಕೆ ಒಮ್ಮೆ, ಉಚ್ಚಾರಕ್ಕೆ ಒಮ್ಮೆ, ಎರಡು ಸಲ ಬಿಡಿಸಿ. ಹೈಸ್ಕೂಲಿನಲ್ಲಿ ಲಘು-ಗುರು ಹಾಕುತ್ತಿದ್ದ ಹಾಗೆ ಪೆನ್ಸಿಲ್‌ನಲ್ಲಿ ಒತ್ತಿನ ಗುರುತು ಹಾಕಿಕೊಳ್ಳಿ.

ನಾನು ತೊಡರಿದ ಪದದಿಂದಲೇ ಶುರು ಮಾಡಿ. ಮೊದಲು ಬರೀ ‘ಥಯಜೈಡ್’ ಅನ್ನಿ, ಒತ್ತು ‘ಥ’ ಮೇಲೆ. ಮೂತ್ರ ಜಾಸ್ತಿ ಮಾಡಿ ಬಿಪಿ ಇಳಿಸುವ ಗುಂಪಿನ ಹೆಸರದು. ನಾಲಿಗೆಗೆ ಕೂತ ಮೇಲೆ ಮುಂದೆ ರೈಲಿನ ಹಾಗೆ ಒಂದು ಡಬ್ಬಿ ಜೋಡಿಸಿ, ‘ಕ್ಲೋರೋಥಯಜೈಡ್’. ಅದೂ ಒಂದು ಔಷಧವೇ. ಆಮೇಲೆ ಎಂಜಿನ್ ಥರ ‘ಹೈಡ್ರೋ’ ಸೇರಿಸಿ, ‘ಹೈಡ್ರೋಕ್ಲೋರೋಥಯಜೈಡ್’.