ಪೈಲಟ್ ಇಂಟರ್ವ್ಯೂಗೆ ಹೊಸ ಸೂಟ್ ಹೊಲಿಸಬೇಕಾ, ಫ್ಲೈಯಿಂಗ್ ಸ್ಕೂಲ್ ಯೂನಿಫಾರ್ಮ್ ಸಾಕಾ?

ನೀವು ಕೇಳಿದ್ದು ಸೂಟಿನ ವಿಷಯ. ನಾನು ಹೇಳೋದು ಶೂ ವಿಷಯ. ಯಾಕಂದ್ರೆ ಕೈಗೆ ಬಂದಿದ್ದ ಕೆಲಸ ನನಗೆ ತಪ್ಪಿಹೋಗಿದ್ದು ಒಂದು ಜೊತೆ ಶೂನಿಂದ.

2014ರ ಬೇಸಿಗೆ. ಸಿಪಿಎಲ್, ಅಂದ್ರೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್, ಕೈಯಲ್ಲಿತ್ತು, 200 ಗಂಟೆಗಿಂತ ಚೂರು ಜಾಸ್ತಿ ಹಾರಾಟ, ಅದರ ಮೇಲೆ ಏರ್‌ಬಸ್ 320 ಟೈಪ್ ರೇಟಿಂಗ್, ಅಂದ್ರೆ ಆ ಮಾದರಿ ವಿಮಾನ ಹಾರಿಸೋ ಅರ್ಹತೆ. ಸಾಗರದ ಹತ್ತಿರ ಅಪ್ಪನ ಅಡಿಕೆ ತೋಟ ಬ್ಯಾಂಕಿನಲ್ಲಿ ಅಡ ಕೂತಿತ್ತು. ದೆಹಲಿ ಕಡೆಯ ಒಂದು ಕಂಪನಿಯಿಂದ ಮೇಲ್ ಬಂತು: ಬೆಳಿಗ್ಗೆ ಇಂಟರ್ವ್ಯೂ, ಅದರಲ್ಲಿ ಪಾಸಾದವರಿಗೆ ಅದೇ ದಿನ ಸಿಮ್ ಚೆಕ್, ಅಂದ್ರೆ ಕಾಕ್‌ಪಿಟ್ ಥರಾನೇ ಇರೋ ಸಿಮ್ಯುಲೇಟರ್‌ನಲ್ಲಿ ಹಾರಿಸಿ ತೋರಿಸೋ ಪರೀಕ್ಷೆ. ಬಟ್ಟೆ ಬಗ್ಗೆ ಇದ್ದಿದ್ದು ಒಂದೇ ಪದ, 'ಫಾರ್ಮಲ್ಸ್'. ಆ ಒಂದು ಪದದ ಮೇಲೆ ನಮ್ಮನೆ ಜಗುಲಿಯಲ್ಲಿ ಮೂರು ದಿನ ಚರ್ಚೆ ನಡೀತು. ಸಿಮ್ ಚೆಕ್ ಅನ್ನೋ ಪದವನ್ನ ಯಾರೂ ಮೂಸಿ ಕೂಡ ನೋಡಲಿಲ್ಲ, ನಾನೂ ಸೇರಿ.

ಹೊಸ ಸೂಟಿಗೆ ದುಡ್ಡಿರಲಿಲ್ಲ. ಅಕ್ಕನ ರಿಸೆಪ್ಶನ್‌ಗೆ ಅಂತ ಭಾವ ಹೊಲಿಸಿದ್ದ ಕೋಟು ಬಂತು, ಜೊತೆಗೆ ಅವರ ಕರೀ ಶೂ. ಭಾರೀ ಶೂ ಅದು. ಹಿಮ್ಮಡಿ ಒಂದೂವರೆ ಇಂಚು, ಅಟ್ಟೆ ಹಲಗೆ ಥರ ಗಟ್ಟಿ. ಅವರದು 9ನೇ ನಂಬರ್, ನಂದು 8. "ಮುಂದೆ ಹತ್ತಿ ತುರುಕೋ, ಯಾರಿಗ್ ಗೊತ್ತಾಗುತ್ತೆ" ಅಂದ್ಲು ಅಕ್ಕ. ತುರುಕಿದೆ.

ಬೆಳಿಗ್ಗೆ ಇಂಟರ್ವ್ಯೂ ಚೆನ್ನಾಗೇ ಆಯ್ತು. ಮೂರು ಜನ ಇದ್ರು. ಹವಾಮಾನ ಕೇಳಿದ್ರು, ಲಾಗ್‌ಬುಕ್ ತಿರುವಿ ನೋಡಿದ್ರು, ಸೋಲೋ ಕ್ರಾಸ್ ಕಂಟ್ರಿಯಲ್ಲಿ, ಅಂದ್ರೆ ಒಬ್ಬನೇ ದೂರ ಹಾರೋವಾಗ, ಯಾವಾಗಾದ್ರೂ ದಾರಿ ತಪ್ಪಿದ್ಯಾ ಅಂದ್ರು. ಕೋಟಿನ ಕಡೆ ಒಬ್ಬರೂ ಕಣ್ಣು ಹಾಯಿಸಲಿಲ್ಲ.

ಮಧ್ಯಾಹ್ನ ಸಿಮ್. ಬಲಗಡೆ, ಕೋ-ಪೈಲಟ್ ಸೀಟಿನಲ್ಲಿ ಕೂತೆ. ಸೀಟು ಮೇಲೆ ಕೆಳಗೆ ಮಾಡಿ ಮುಂದಿನ ಗಾಜಿನ ನಡುಕಂಬದಲ್ಲಿ ಕಣ್ಣಿನ ಎತ್ತರ ಸರಿ ನೋಡಿಕೊಳ್ಳೋಕೆ ಇರೋ ಪುಟ್ಟ ಉಂಡೆಗಳಿಗೆ ಕಣ್ಣು ಹೊಂದಿಸಿಕೊಂಡೆ, ಪೆಡಲ್ ಹಿಂದೆ ಮುಂದೆ ಮಾಡಿಕೊಂಡೆ. ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ರಡ್ಡರ್ ಪೆಡಲಿನ ಕೆಳಭಾಗ ಒತ್ತಿದ್ರೆ ವಿಮಾನದ ಮೂತಿ ಎಡಕ್ಕೆ, ಬಲಕ್ಕೆ ತಿರುಗುತ್ತೆ. ಅದೇ ಪೆಡಲಿನ ತುದಿ ಒತ್ತಿದ್ರೆ ಬ್ರೇಕ್. ಅದಕ್ಕೇ ಟೇಕಾಫ್‌ನಲ್ಲಿ ಹಿಮ್ಮಡಿ ನೆಲದ ಮೇಲೇ ಇರಬೇಕು ಅಂತ ಮೊದಲ ದಿನದಿಂದ ತಲೆಗೆ ತುಂಬ್ತಾರೆ. ಸೆಸ್ನಾ 172 ಅನ್ನೋ ಪುಟ್ಟ ವಿಮಾನದಲ್ಲಿ ಕಲಿತಿದ್ದೂ, ಟೈಪ್ ರೇಟಿಂಗ್ ಮುಗಿಸಿದ್ದೂ ನಾನು ತೆಳು ಅಟ್ಟೆಯ ಕ್ಯಾನ್ವಾಸ್ ಶೂನಲ್ಲಿ. ಪೆಡಲ್ ಎಷ್ಟು ಅದುಮಿದೀನಿ ಅನ್ನೋದು ಅಂಗಾಲಿಗೇ ಗೊತ್ತಾಗ್ತಿತ್ತು. ಭಾವನ ಶೂನಲ್ಲಿ ಹಿಮ್ಮಡಿ ನೆಲದ ಮೇಲಿಟ್ಟರೂ ಪಾದ ಒಂದೂವರೆ ಇಂಚು ಮೇಲೆ. ಶೂ ಮೂತಿ ನೆಟ್ಟಗೆ ಬ್ರೇಕಿನ ಮೇಲೆ. ನನ್ನ ಬೆರಳು ಮಾತ್ರ ಅಲ್ಲಿರಲಿಲ್ಲ, ಅಲ್ಲಿದ್ದಿದ್ದು ಹತ್ತಿ.

ಮೊದಲನೇದು ಮಾಮೂಲಿ ಟೇಕಾಫ್. ನಡುಗೆರೆ ಮೇಲೆ ವಿಮಾನ ನಿಲ್ಲಲೇ ಇಲ್ಲ, ಕೇರೆ ಹಾವಿನ ಹಾಗೆ ಆ ಕಡೆ ಈ ಕಡೆ. ಹೇಗೋ ಎದ್ದೆ. ಹಿಂದೆ ಕೂತಿದ್ದ ಎಕ್ಸಾಮಿನರ್ ಕೇಳಿದ್ರು, ಎಲ್ಲ ಸರಿ ಇದೆಯಾ, ಸೀಟು, ಪೆಡಲ್ ಏನಾದ್ರೂ ಸರಿಮಾಡ್ಕೋಬೇಕಾ?

"ಆಲ್ ಗುಡ್ ಸರ್" ಅಂದೆ.

ನನ್ನ ತಪ್ಪು ಇದು. ಶೂ ಹಾಕಿದ್ದಲ್ಲ. ಇಷ್ಟು ವರ್ಷ ಇದನ್ನ ತಿರುಗಿಸಿ ಮುರುಗಿಸಿ ಯೋಚಿಸಿದೀನಿ, ಪ್ರತಿಸಲ ಅಲ್ಲಿಗೇ ಬಂದು ನಿಲ್ತೀನಿ. ಏನೋ ಸರಿ ಇಲ್ಲ ಅಂತ ಕಾಲಿಗೆ ಗೊತ್ತಾಗಿತ್ತು. ಹೇಳೋಕೆ ಅವರೇ ಬಾಗಿಲು ತೆಗೆದುಕೊಟ್ಟಿದ್ರು. "ಸರ್, ಶೂ ದೊಡ್ಡದು, ಬಿಚ್ಚಿ ಹಾರಿಸಲಾ" ಅಂತ ಕೇಳಬಹುದಿತ್ತು. ಆದರೆ ಒಳಗಿರೋ ಹತ್ತಿ ಹೊರಗೆ ಬೀಳುತ್ತೆ, ಎರವಲು ಶೂ ಅಂತ ಗೊತ್ತಾಗುತ್ತೆ ಅನ್ನೋ ನಾಚಿಕೆ. ಆ ಸೀಟಿನಲ್ಲಿ ಕೂತವನ ಮುಖ್ಯ ಕೆಲಸವೇ ಏನಾದ್ರೂ ಸರಿ ಕಾಣದಿದ್ರೆ ಬಾಯಿ ಬಿಟ್ಟು ಹೇಳೋದು. ನಾನು ಬಾಯಿ ಮುಚ್ಚಿಕೊಂಡು ಮಾನ ಕಾಪಾಡಿಕೊಂಡೆ.

ಎರಡನೇ ಟೇಕಾಫ್. ವಿ1 ದಾಟಿತು, ಅಂದ್ರೆ ಇನ್ನು ನಿಲ್ಲಿಸೋ ಹಾಗಿಲ್ಲ ಅನ್ನೋ ವೇಗ. ತಕ್ಷಣ ಎಕ್ಸಾಮಿನರ್ ಬಲಗಡೆ ಎಂಜಿನ್ ಬಂದ್ ಮಾಡಿದ್ರು. ಮೂತಿ ಬಲಕ್ಕೆ ಎಳೀತು, ನಾನು ಎಡ ಪೆಡಲ್ ಒತ್ತಿದೆ. ಒತ್ತಿದ್ದು ರಡ್ಡರ್ ಒಂದನ್ನೇ ಅಂದ್ಕೊಂಡಿದ್ದೆ, ಎಡ ಚಕ್ರದ ಬ್ರೇಕೂ ಹಿಡೀತು. ವಿಮಾನ ಗಕ್ಕನೆ ಎಡಕ್ಕೆ ಹೋಯ್ತು. ಗಾಬರಿಯಲ್ಲಿ ಬಲಗಾಲು ಒತ್ತಿದೆ, ಆ ಕಡೆ ಬ್ರೇಕು. ರನ್‌ವೇ ಬಿಟ್ಟು ಹುಲ್ಲಿಗೆ ಇಳಿದಾಗ ಪರದೆ ಹಾಗೇ ನಿಂತಿತು. ಒಳ್ಳೆ ಮನುಷ್ಯ, ಇನ್ನೊಂದು ಅವಕಾಶ ಕೊಟ್ರು. ಆಗಲೂ ನಾನು ಶೂ ಬಿಚ್ಚಲಿಲ್ಲ. ಮತ್ತೆ ಹುಲ್ಲು.

ಹೊರಗೆ ಬೆಂಚಿನ ಮೇಲೆ ಕೂತು ಹತ್ತಿ ಕೀಳ್ತಿದ್ದಾಗ ಎಕ್ಸಾಮಿನರ್ ಅದೇ ದಾರಿಯಲ್ಲಿ ಬಂದ್ರು. ಹತ್ತಿ ನೋಡಿದ್ರು, ನನ್ನ ಮುಖ ನೋಡಿದ್ರು. "ನಾನು ಕೇಳಿದ್ದೆನಲ್ಲಪ್ಪಾ" ಅಂದ್ರು, ಅಷ್ಟೇ.

ಆಮೇಲೆ ಹದಿನಾಲ್ಕು ತಿಂಗಳು ಪೈಲಟ್ ಕೆಲಸ ಇಲ್ಲ. ಬಡ್ಡಿ ನಿಲ್ಲಲಿಲ್ಲ, ವರ್ಷಕ್ಕೊಮ್ಮೆ ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗೆ ಕಾಣದಿದ್ರೂ ಉಪಕರಣ ನೋಡಿ ಹಾರಿಸೋ ಅರ್ಹತೆ) ರಿನ್ಯೂ ಮಾಡಿಸೋ ಖರ್ಚೂ ನಿಲ್ಲಲಿಲ್ಲ. ಬೆಂಗಳೂರಿನಲ್ಲಿ ಸಿಪಿಎಲ್ ಹುಡುಗರಿಗೆ ನ್ಯಾವಿಗೇಶನ್ ಪಾಠ ಹೇಳಿಕೊಂಡಿದ್ದೆ. ಮುಂದಿನ ಇಂಟರ್ವ್ಯೂಗೆ, ಬೇರೆ ಕಂಪನಿ, ನನ್ನದೇ ಅಳತೆಯ ತೆಳು ಅಟ್ಟೆಯ ಲೇಸ್ ಶೂ ತಗೊಂಡೆ. ಅದನ್ನ ಹಾಕ್ಕೊಂಡು ಒಂದೂವರೆ ತಿಂಗಳು ಅಪ್ಪನ ಹಳೇ ಜೀಪ್ ಓಡಿಸಿದೆ. ಕ್ಲಚ್ಚು, ಬ್ರೇಕು, ಕ್ಲಚ್ಚು, ಬ್ರೇಕು. ಕೋಟು ಹಾಕಲೇ ಇಲ್ಲ. ಆಯ್ಕೆ ಆದೆ.

ಈಗ ನಿಮ್ಮ ಪ್ರಶ್ನೆ. ಸೂಟೋ ಯೂನಿಫಾರ್ಮೋ ಅಂತ ಕೇಳೋದೇ ತಪ್ಪು ಅನ್ನೋದು ನನ್ನ ಅಭಿಪ್ರಾಯ. ಯಾರಾದ್ರೂ ಸೂಟ್ ಇಲ್ಲ ಅಂತ ವಾಪಸ್ ಕಳಿಸಿದ್ದನ್ನ ನಾನಂತೂ ನೋಡಿಲ್ಲ. ಇಪ್ಪತ್ತು ಸಾವಿರ ಇದ್ರೆ ಇಂಟರ್ವ್ಯೂಗೆ ಮುಂಚೆ ಒಂದಷ್ಟು ಸಿಮ್ ಸಮಯ ಕೊಂಡ್ಕೊಳ್ಳಿ, ದರ್ಜಿಗೆ ಕೊಡಬೇಡಿ. ಕಡು ಬಣ್ಣದ ಪ್ಯಾಂಟು, ಇಸ್ತ್ರಿ ಮಾಡಿದ ತಿಳಿ ಬಣ್ಣದ ಶರ್ಟು, ಒಂದು ಟೈ, ಸಾಕು. ಕೋಟು ಇದ್ರೆ ಹಾಕಿ. ಸಿಮ್ ಇರೋ ಕಟ್ಟಡಗಳಲ್ಲಿ ಎಸಿ ಮೂಳೆ ಕೊರೆಯುತ್ತೆ, ಕಾಯೋವಾಗ ಉಪಯೋಗಕ್ಕೆ ಬರುತ್ತೆ. ಒಳಗೆ ಹೋಗೋವಾಗ ಬಿಚ್ಚಿಡಿ. ಏರ್‌ಬಸ್‌ನ ಬಲಗಡೆ ಸೀಟಿನಲ್ಲಿ ಸೈಡ್‌ಸ್ಟಿಕ್, ಅಂದ್ರೆ ವಿಮಾನ ಹಾರಿಸೋ ಹಿಡಿ, ಬಲಗೈಗೆ ಬರುತ್ತೆ, ಬಿಗಿ ತೋಳಿದ್ರೆ ಮೊಣಕೈ ಆಡಲ್ಲ.

ಯೂನಿಫಾರ್ಮ್ ಮಾತ್ರ ಬೇಡವೇ ಬೇಡ. ಭುಜದ ಮೇಲೆ ಮೂರು ಪಟ್ಟಿ ಅಂದ್ರೆ ಫಸ್ಟ್ ಆಫೀಸರ್ (ಕೋ-ಪೈಲಟ್), ನಾಲ್ಕು ಅಂದ್ರೆ ಕ್ಯಾಪ್ಟನ್. ನಮ್ಮ ಜೊತೆ ಒಬ್ಬ ಹುಡುಗ ಭುಜದ ಮೇಲೆ ಮೂರು ಪಟ್ಟಿ ಏರಿಸಿಕೊಂಡು ಬಂದಿದ್ದ. ಪ್ಯಾನೆಲ್‌ನವರು ಕೇಳಿದ ಮೊದಲ ಪ್ರಶ್ನೆ, ಯಾವ ಏರ್‌ಲೈನ್‌ನಲ್ಲಿದೀಯಾ ಅಂತ. ಪಾಪ, ಅಲ್ಲಿಂದ ಅವನು ಚೇತರಿಸಿಕೊಳ್ಳಲೇ ಇಲ್ಲ. ಅದೇ ದಿನ ಒಬ್ಬಳು ಹತ್ತಿ ಸೀರೆಯಲ್ಲಿ ಬಂದಿದ್ಲು. ಮಧ್ಯಾಹ್ನ ಬ್ಯಾಗಿನಿಂದ ಶರ್ಟು, ಪ್ಯಾಂಟು, ಹಳೇ ಫ್ಲಾಟ್ ಶೂ ತೆಗೆದು ಬದಲಾಯಿಸಿಕೊಂಡು ಸಿಮ್‌ಗೆ ಹೋದ್ಲು. ಮೇಲ್ ಪೂರ್ತಿ ಓದಿಕೊಂಡು ಬಂದವಳು ಅವಳೊಬ್ಬಳೇ ಅಂತ ಕಾಣುತ್ತೆ. ಅವಳಿಗೆ ಕೆಲಸ ಸಿಕ್ಕಿತು.

ಲೈಸೆನ್ಸು, ರೇಡಿಯೋದಲ್ಲಿ ಮಾತಾಡೋಕೆ ಬೇಕಾದ ಎಫ್‌ಆರ್‌ಟಿಒ ಮತ್ತು ಆರ್‌ಟಿಆರ್ ಪತ್ರಗಳು, ಕ್ಲಾಸ್ 1 ಮೆಡಿಕಲ್ ಸರ್ಟಿಫಿಕೇಟ್, ಲಾಗ್‌ಬುಕ್ ಎಲ್ಲ ಅಸಲು ಒಂದೇ ಫೈಲಿನಲ್ಲಿ ಇರಲಿ. ಎರಡು ಪೆನ್ನು. ಶೂ ಯಾವ ಬ್ರ್ಯಾಂಡ್ ಅಂತ ಕಾಮೆಂಟಲ್ಲಿ ಕೇಳಬೇಡಿ, ನಿಮ್ಮ ಕಾಲು ನನಗೆ ಗೊತ್ತಿಲ್ಲ.

ಭಾವನ ಶೂ ಈಗಲೂ ಇದೆ. ಹೋದ ತಿಂಗಳು ಸಿರಸಿಯಲ್ಲಿ ಒಂದು ಮದುವೆಗೆ ಅದನ್ನೇ ಹಾಕ್ಕೊಂಡು ಬಂದಿದ್ರು. ಹೊಳೀತಿತ್ತು.