ಗಿಟಾರ್ ಪಿಕಪ್: ಮ್ಯಾಗ್ನೆಟ್ ಎಲ್ಲಿ ಕೂತಿದೆ ಅನ್ನೋದೇ ಮುಖ್ಯ

ಪ್ರಶ್ನೆ: ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತೇನೆ. ನನ್ನದು ಕಡಿಮೆ ಬೆಲೆಯ ಸ್ಟ್ರಾಟ್ (ಫೆಂಡರ್ ಸ್ಟ್ರಾಟೋಕಾಸ್ಟರ್) ಮಾದರಿಯ ಎಲೆಕ್ಟ್ರಿಕ್ ಗಿಟಾರ್. ಗೆಳೆಯನ ಗಿಟಾರ್ ಕಿಣಿಕಿಣಿ ಅನ್ನುತ್ತದೆ, ನನ್ನದು ಮಂದ. ತಂತಿಯ ಕೆಳಗಿದ್ದು ದನಿ ಹಿಡಿಯುವ ಭಾಗ, ಅಂದರೆ ಪಿಕಪ್, ಬಿಚ್ಚಿ ನೋಡಿದೆವು. ಅವನ ಪಿಕಪ್‌ನಲ್ಲಿ ಆರು ಕಡ್ಡಿ ಮ್ಯಾಗ್ನೆಟ್ ಇವೆ. ನನ್ನದರಲ್ಲಿ ಕಬ್ಬಿಣದ ಕಡ್ಡಿಗಳು, ಅವುಗಳ ಕೆಳಗೆ ಅಂಟಿಸಿದ ಒಂದು ಕಪ್ಪು ಪಟ್ಟಿ. ಇನ್ನೂ ಪವರ್ ಇರುವ ಮ್ಯಾಗ್ನೆಟ್ ಹಾಕಿದರೆ ಸರಿಹೋಗುತ್ತಾ?
– ಓದುಗರು, ಸಾಗರ

ಉತ್ತರ: ಹೋಗಲ್ಲ. ಬಿಚ್ಚಿ ನೋಡಿದ್ದು ಒಳ್ಳೇದಾಯ್ತು, ಅರ್ಧ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ.

ಮ್ಯಾಗ್ನೆಟ್ ತಾನೇ ಏನೂ ನುಡಿಯುವುದಿಲ್ಲ. ಮೇಲಿರುವ ಸ್ಟೀಲ್ ತಂತಿಗೆ ಅದು ಕಾಂತತ್ವ ಕೊಡುತ್ತದೆ, ಅಷ್ಟೇ. ತಂತಿ ಅಲುಗಿದಾಗ ಕಾಯಿಲ್ (ತೆಳು ತಾಮ್ರದ ತಂತಿಯ ಸುರುಳಿ) ಒಳಗಿನ ಕಾಂತಕ್ಷೇತ್ರವೂ ಅಲುಗುತ್ತದೆ. ಆಗ ಹುಟ್ಟುವ ಚೂರು ವೋಲ್ಟೇಜೇ ನಿಮ್ಮ ಆಂಪ್‌ಗೆ ಹೋಗುವುದು. ಹಾಗಾಗಿ ಕಾಯಿಲ್‌ನ ನಡುವೆ ಏನಿದೆ ಅಂತ ಮೊದಲು ನೋಡಬೇಕು.

1954ರ ಫೆಂಡರ್ ಸ್ಟ್ರಾಟೋಕಾಸ್ಟರ್‌ನಲ್ಲಿ ಆರು ಆಲ್ನಿಕೋ ಕಡ್ಡಿಗಳೇ ಕಾಯಿಲ್‌ನ ನಡುವೆ ನಿಂತಿವೆ. ಆಲ್ನಿಕೋ ಅಂದರೆ ಅಲ್ಯುಮಿನಿಯಂ, ನಿಕ್ಕಲ್, ಕೋಬಾಲ್ಟ್ ಬೆರೆಸಿದ ಕಬ್ಬಿಣ. ನಿಮ್ಮದರಲ್ಲಿ ನಡುವೆ ಇರುವುದು ಬರೀ ಮೆತು ಕಬ್ಬಿಣ, ಮ್ಯಾಗ್ನೆಟ್ ಕೆಳಗೆ ಕೂತಿದೆ. ಕಾಂತಕ್ಷೇತ್ರಕ್ಕೆ ಆಲ್ನಿಕೋಗಿಂತ ಇಂಥ ಕಬ್ಬಿಣ ಸಲೀಸಾದ ದಾರಿ. ಹಾಗಾಗಿ ಅಷ್ಟೇ ಸುತ್ತು ಇದ್ದರೂ ಕಾಯಿಲ್‌ನ ಇಂಡಕ್ಟೆನ್ಸ್ (ಕರೆಂಟಿನ ಏರಿಳಿತವನ್ನು ತಡೆಯುವ ಗುಣ) ಏರುತ್ತದೆ. ಅದು ಏರಿದ ಹಾಗೆ ಟ್ರೆಬಲ್ (ದನಿಯ ಚೂಪು ಭಾಗ) ಇಳಿಯುತ್ತದೆ. ಸಾಲದ್ದಕ್ಕೆ ಆ ಕಬ್ಬಿಣದೊಳಗೇ ಸಣ್ಣ ಸುಳಿ ಕರೆಂಟು ಹುಟ್ಟಿ ಇನ್ನೊಂದಿಷ್ಟು ಟ್ರೆಬಲ್ ತಿನ್ನುತ್ತದೆ. ನಿಮ್ಮ 'ಮಂದ' ಬಂದಿರುವುದು ಇಲ್ಲಿಂದ.

ಹಾಗಂತ ಅದು ಕೆಟ್ಟ ಜೋಡಣೆ ಅಲ್ಲ. ಗಿಬ್ಸನ್‌ನವರು 1946ರಲ್ಲಿ ತಂದ ಪಿ-90 ಇದೇ ಜಾತಿಯದು: ಕೆಳಗೆ ಎರಡು ಪಟ್ಟಿ ಮ್ಯಾಗ್ನೆಟ್, ಒಂದೇ ಧ್ರುವ ಎದುರುಬದುರು, ನಡುವೆ ಕಬ್ಬಿಣದ ಸ್ಕ್ರೂಗಳು. ಅದರ ಒರಟು, ದಪ್ಪ ದನಿಗೆ ಪ್ರಾಣ ಬಿಡುವವರಿದ್ದಾರೆ. ನನಗೂ ಅದೇ ಇಷ್ಟ. ನಿಮ್ಮದರಂಥ ಕಪ್ಪು ಸೆರಾಮಿಕ್ ಪಟ್ಟಿ ಅಂದರೆ ಕಳಪೆ ಅನ್ನೋದೂ ಸುಮ್ನೆ ಅಂಗಡಿ ಮಾತು.

ಪವರ್ ಜಾಸ್ತಿ ಆದರೆ ಏನಾಗುತ್ತೆ ಗೊತ್ತಾ? ಮ್ಯಾಗ್ನೆಟ್ ತಂತಿಯನ್ನೇ ಎಳೆಯುತ್ತದೆ. ನಾದ ಬೇಗ ಸಾಯುತ್ತದೆ. ದಪ್ಪ ತಂತಿಯನ್ನು ಗಿಟಾರ್ ಕತ್ತಿನ ಹನ್ನೆರಡನೇ ಅಡ್ಡಪಟ್ಟಿ, ಅಂದರೆ ಫ್ರೆಟ್‌ನಿಂದ ಆಚೆ ಒತ್ತಿದರೆ ಒಂದು ಸ್ವರದ ಬದಲು ಎರಡು ಕೇಳಿಸಿ ಅಲೆಅಲೆಯಾಗುತ್ತದೆ. ದುರ್ಗಿಗುಡಿಯ ನಮ್ಮ ರಿಪೇರಿ ಮೇಜಿಗೆ 'ಟ್ಯೂನ್ ನಿಲ್ತಾ ಇಲ್ಲ ಸಾರ್' ಅಂತ ಬರುವ ಕಡ್ಡಿ ಮ್ಯಾಗ್ನೆಟ್ಟಿನ ಗಿಟಾರುಗಳಲ್ಲಿ ಎಷ್ಟೋ ಸಲ ತಂತಿ ಬಿಗಿಯುವ ಕೀಲಿಗಳದ್ದು ಏನೂ ತಪ್ಪಿರುವುದಿಲ್ಲ. ಪಿಕಪ್ ತಂತಿಗೆ ಅಂಟಿಕೊಂಡ ಹಾಗೆ ಮೇಲೆ ಕೂತಿರುತ್ತದೆ. ಕೊನೇ ಫ್ರೆಟ್ ಒತ್ತಿ ಹಿಡಿದು ತಂತಿಗೂ ಪಿಕಪ್ಪಿಗೂ ನಡುವಿನ ಅಂತರ ಅಳೆಯಿರಿ. ದಪ್ಪ ತಂತಿಯ ಕಡೆ 2.5 ಮಿ.ಮೀ., ಸಣ್ಣ ತಂತಿಯ ಕಡೆ 2 ಮಿ.ಮೀ. ಬಿಟ್ಟು ಶುರು ಮಾಡಿ, ಆಮೇಲೆ ಕಿವಿ ಹೇಳಿದ ಹಾಗೆ. ಸ್ಕ್ರೂಡ್ರೈವರ್ ಒಂದು ಸಾಕು. ಇಷ್ಟಾದರೂ ಗೆಳೆಯನ ದನಿಯೇ ಬೇಕು ಅಂದರೆ ಕಡ್ಡಿ ಮ್ಯಾಗ್ನೆಟ್ಟಿನ ಪಿಕಪ್ಪನ್ನೇ ಇಡಿಯಾಗಿ ಹಾಕಿಸಿ.

ಪ್ರಶ್ನೆ: ಗಣಪತಿ ಪೆಂಡಾಲಿನಲ್ಲಿ ಸೀರಿಯಲ್ ಲೈಟ್ ಹಾಕಿದ ಕೂಡಲೇ ನನ್ನ ಗಿಟಾರ್ ಗುಂಯ್ ಅನ್ನುತ್ತದೆ. ಆದರೆ ಸ್ವಿಚ್ಚಿನ ಎರಡನೇ ಮತ್ತು ನಾಲ್ಕನೇ ಜಾಗದಲ್ಲಿ ಗಪ್‌ಚಿಪ್. ಯಾಕೆ?
– ಓದುಗರು, ತೀರ್ಥಹಳ್ಳಿ

ಉತ್ತರ: ನಿಮ್ಮ ನಡುವಿನ ಪಿಕಪ್‌ನಲ್ಲಿ ಮ್ಯಾಗ್ನೆಟ್ಟೂ ತಲೆಕೆಳಗು, ಸುತ್ತೂ ಉಲ್ಟಾ. ಕರೆಂಟ್ ಲೈನಿನ 50 ಹರ್ಟ್ಜ್ ಗುಂಯ್ ಸದ್ದಿಗೆ ಮ್ಯಾಗ್ನೆಟ್ಟಿನ ಹಂಗಿಲ್ಲ, ಕಾಯಿಲ್ ಒಂದಿದ್ದರೆ ಸಾಕು. ಸುತ್ತು ಉಲ್ಟಾ ಆದದ್ದರಿಂದ ಅದು ಒಂದೇ ಸಲ ತಿರುಗುತ್ತದೆ. ತಂತಿಯ ದನಿ ಮ್ಯಾಗ್ನೆಟ್ಟಿನಿಂದ ಒಮ್ಮೆ, ಸುತ್ತಿನಿಂದ ಇನ್ನೊಮ್ಮೆ ತಿರುಗಿ ನೆಟ್ಟಗೇ ಬರುತ್ತದೆ. ಸ್ವಿಚ್ಚಿನ ಎರಡನೇ, ನಾಲ್ಕನೇ ಜಾಗದಲ್ಲಿ ಪಕ್ಕದ ಪಿಕಪ್ ಜೊತೆ ಸೇರಿದಾಗ ಗುಂಯ್‌ಗೆ ಗುಂಯ್ ವಜಾ, ದನಿಗೆ ದನಿ ಜಮಾ. ಗಿಬ್ಸನ್‌ನ ಸೇತ್ ಲವರ್ 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಜೋಡಿ ಕಾಯಿಲ್ಲಿನ ಪಿಕಪ್ ಹಂಬಕರ್‌ನದ್ದೂ ಇದೇ ಲೆಕ್ಕ. ಅಲ್ಲಿ ಎರಡು ಕಾಯಿಲ್‌ಗಳ ನಡುವೆ, ಕೆಳಗೆ, ಒಂದೇ ಪಟ್ಟಿ ಮ್ಯಾಗ್ನೆಟ್: ಒಂದು ಕಾಯಿಲ್‌ಗೆ ಉತ್ತರ ಧ್ರುವ, ಇನ್ನೊಂದಕ್ಕೆ ದಕ್ಷಿಣ.

ಪೆಂಡಾಲಿನವರಿಗೆ ಅರ್ತಿಂಗ್ ಸರಿಯಾಗಿ ಕೊಡಲು ಹೇಳಿ. ಅದು ದನಿಗಿಂತ ನಿಮ್ಮ ಜೀವಕ್ಕೆ ಬೇಕು.

ಪ್ರಶ್ನೆ: ಹಳೇ ಮಾದರಿಯ ಪಿಕಪ್ ಹಾಕಿಸಿದೆ. ಕಡ್ಡಿಗಳು ಮೇಲೆ ಕೆಳಗೆ ಇವೆ. ಮೂರನೇ ತಂತಿ ಮಾತ್ರ ಕಿರುಚುತ್ತದೆ. ಕಡ್ಡಿಯನ್ನು ಒಳಗೆ ತಳ್ಳಬಹುದೇ?
– ಓದುಗರು, ಹೊಸನಗರ

ಉತ್ತರ: ಬೇಡವೇ ಬೇಡ! ಹಳೇ ಮಾದರಿಯಲ್ಲಿ ಕೂದಲಿನಷ್ಟು ತೆಳು ತಾಮ್ರದ ತಂತಿಯನ್ನು ನೇರ ಆ ಕಡ್ಡಿಗಳ ಮೇಲೇ ಸುತ್ತಿರುತ್ತಾರೆ. ತಳ್ಳಿದರೆ ತುಂಡಾಗುತ್ತದೆ, ಪಿಕಪ್ ಸತ್ತ ಹಾಗೆ. ಆಗಿನ ಕಾಲದಲ್ಲಿ ಗಿಟಾರಿನ ಮೂರನೇ ತಂತಿಗೂ ಮೇಲೆ ಇನ್ನೊಂದು ತೆಳು ತಂತಿಯ ಸುತ್ತು ಇರುತ್ತಿತ್ತು, ದನಿ ಕಡಿಮೆ ಬರುತ್ತಿತ್ತು. ಅದಕ್ಕೆ ಆ ಕಡ್ಡಿಯನ್ನು ಎತ್ತರ ಇಟ್ಟರು. ಈಗ ನಾವು ಹಾಕುವುದು ಸುತ್ತಿಲ್ಲದ ತಂತಿ. ಸುತ್ತಿರುವ ಮೂರನೇ ತಂತಿಯ ಸೆಟ್ ಈಗಲೂ ಸಿಗುತ್ತದೆ, ಆದರೆ ಅದನ್ನು ಎಳೆದು ಬೆಂಡ್ ಮಾಡುವುದು ಕಷ್ಟ. ಇಲ್ಲವಾದರೆ ಕಡ್ಡಿಗಳೆಲ್ಲ ಒಂದೇ ಮಟ್ಟ ಇರುವ ಪಿಕಪ್ಪಿಗೆ ಬದಲಾಯಿಸಿಕೊಳ್ಳಿ. ಅಂದ ಹಾಗೆ, ನಿಮ್ಮ ಕಡೆ ಮಳೆಗಾಲದಲ್ಲಿ ತಂತಿ ತುಕ್ಕು ಹಿಡಿದು ಉದುರುವ ಪುಡಿಯೆಲ್ಲ ಕಡ್ಡಿ ಮ್ಯಾಗ್ನೆಟ್ಟಿಗೇ ಅಂಟುತ್ತದೆ. ಬಟ್ಟೆಯಲ್ಲಿ ಉಜ್ಜಬೇಡಿ, ಸೆಲ್ಲೋ ಟೇಪ್ ಒತ್ತಿ ಕಿತ್ತರೆ ಬಂದುಬಿಡುತ್ತದೆ.